ಬೈನರಿ, ಆಕ್ಟಲ್, ಹೆಕ್ಸ್: ಹುಡುಗೂರು ಪದೇ ಪದೇ ಕೇಳೋ ಪ್ರಶ್ನೆಗಳು

ಧಾರವಾಡದಾಗ ಪಿಯುಸಿ, ಡಿಪ್ಲೊಮಾ, ಬಿಸಿಎ ಹುಡುಗೂರಿಗೆ ಪಾಠ ಹೇಳ್ತೀನಿ, ಹುಬ್ಬಳ್ಳಿ ಗದಗ ಹಾವೇರಿ ಕಡೆಯವರೂ ಫೋನ್ ಮಾಡಿ, ಇಲ್ಲಾ ನೋಟ್‌ಬುಕ್ಕಿನ ಹಾಳಿ ಮ್ಯಾಲೆ ಬರ್ದು ಕಳ್ಸಿ ಕೇಳ್ತಾರ. ನಂಬರ್ ಸಿಸ್ಟಮ್ ಬಗ್ಗೆ ಬರೋ ಪ್ರಶ್ನೆ ಹೆಚ್ಚು ಕಡಿಮಿ ಅವ ಇರ್ತಾವ. ಅವ್ರು ಕೇಳಿದ ಮಾತಿನ್ಯಾಗ ಪ್ರಶ್ನೆ ಇಟ್ಟು ಉತ್ತರ ಬರ್ದೀನಿ, ಯಾವ್ದು ಬೇಕೋ ಅದನ್ನ ಅಷ್ಟ ಓದಿದ್ರೂ ನಡೀತೈತಿ.

## ಶುರುವಿನ ಪ್ರಶ್ನೆಗಳು

ಸರ, ಈ ಬೇಸ್ ಅಂದ್ರ ಖರೇನ ಏನ್ರಿ? ಡೆಫಿನಿಷನ್ ಬಾಯಿಪಾಠ ಐತಿ, ತಿಳಿದಿಲ್ಲ

ನಂಬರ್ ಒಂದು, ಅದನ್ನ ಬರಿಯೋ ರೀತಿ ಬ್ಯಾರೆ. ಹುಬ್ಬಳ್ಳಿ ಗಾಡಿ ಮ್ಯಾಲೆ ಕೆಎ 63 ಅಂತ ಇರ್ತೈತಲ್ಲ, ಆ 63 ತಗೋರಿ. 6 ಸಲ ಹತ್ತು, ಮ್ಯಾಲೆ 3. ಅಂದ್ರ ನಾವು ಹತ್ತರ ಗುಂಪು ಕಟ್ಟಿ ಎಣಿಸೀವಿ. ಒಂದು ಗುಂಪಿಗೆ ಎಷ್ಟು ಅನ್ನೋದ ಬೇಸ್, ಇಲ್ಲಿ 10, ಇದಕ್ಕ ಡೆಸಿಮಲ್ ಅಂತಾರ. ಅದ ಅರವತ್ಮೂರನ್ನ ಎಂಟರ ಗುಂಪು ಕಟ್ಟಿ ಎಣಿಸಿದ್ರ 7 ಗುಂಪು ಆಗಿ ಇನ್ನೂ 7 ಉಳೀತಾವ, ಹಂಗಾಗಿ ಆಕ್ಟಲ್‌ನ್ಯಾಗ ಅದು 77. ಹದಿನಾರರ ಗುಂಪು ಕಟ್ಟಿದ್ರ 3 ಗುಂಪು, ಉಳಿದದ್ದು 15, ಹೆಕ್ಸ್‌ನ್ಯಾಗ 3ಎಫ್. ಎರಡರ ಲೆಕ್ಕದಾಗ, ಅಂದ್ರ ಬೈನರಿನ್ಯಾಗ, 32, 16, 8, 4, 2, 1 ಆರೂ ಬೇಕಾಗ್ತಾವ, ಅದಕ್ಕ 111111. ರಸ್ತೆ ಮ್ಯಾಲೆ ಹೋಗೋ ಗಾಡಿ ಏನೂ ಬದಲಾಗ್ಲಿಲ್ಲ ನೋಡ್ರಿ.

ಪ್ರತಿ ಜಾಗಕ್ಕೂ ಒಂದು ಬೆಲೆ ಇರ್ತೈತಿ, ಬಲಗಡೆ ಕಡೀ ಜಾಗಕ್ಕ 1, ಅದರ ಎಡಕ್ಕ ಬೇಸ್, ಅದರ ಎಡಕ್ಕ ಬೇಸಿನ ವರ್ಗ, ಹಿಂಗ ಏರ್ಕೋತ ಹೋಗ್ತೈತಿ. ಈ ಒಂದು ಮಾತು ಗಟ್ಟಿ ಹಿಡೀರಿ, ಕೆಳಗಿನ ಎಲ್ಲಾ ಮೆಥಡ್ ಇದರೊಳಗಿಂದನ ಬರ್ತಾವ.

ಕಂಪ್ಯೂಟರ್‌ಗೆ 0, 1 ಅಷ್ಟ ಯಾಕ? ನಮ್ಮಂಗ 0 ದಿಂದ 9 ಇಟ್ರ ಏನಾಗ್ತಿತ್ತು?

ಇಟ್ಟು ನೋಡ್ಯಾರ. 1946ರಾಗ ಅಮೆರಿಕದಾಗ ಜನರಿಗೆ ತೋರಿಸಿದ ಎನಿಯಾಕ್ ಮಷೀನು ಹತ್ತರ ಲೆಕ್ಕದಾಗನ ಕೆಲಸ ಮಾಡ್ತಿತ್ತು, ಒಂದೊಂದು ಅಂಕಿ ಹಿಡ್ಕೊಳ್ಳಾಕ ಹತ್ತು ಹಂತದ ಒಂದೊಂದು ರಿಂಗ್ ಕೌಂಟರ್ ಬೇಕಿತ್ತು. ಬೈನರಿನ್ಯಾಗ ಆದ್ರ ಕರೆಂಟ್ ಐತೋ ಇಲ್ಲೋ ಇಷ್ಟ ಗುರ್ತು ಹಿಡಿದ್ರ ಮುಗೀತು, ವೋಲ್ಟೇಜ್ ಸ್ವಲ್ಪ ಏರಿಳಿತ ಆದ್ರೂ 0 ಯಾವ್ದು 1 ಯಾವ್ದು ಅನ್ನೋದು ತಪ್ಪೂದಿಲ್ಲ, ಅದ ಜಾಗದಾಗ ಹತ್ತು ಮಟ್ಟದ ವೋಲ್ಟೇಜ್ ಇಟ್ರ ಒಂದು ಮಟ್ಟಕ್ಕೂ ಇನ್ನೊಂದಕ್ಕೂ ನಡುವ ಅಂತರ ಭಾಳ ಸಣ್ಣದಾಗ್ತೈತಿ. ಮತ್ತೊಂದು ಕಾರಣ, 1937ರಾಗ ಕ್ಲಾಡ್ ಶಾನನ್ ತನ್ನ ಎಂಎಸ್ ಥೀಸಿಸ್‌ನ್ಯಾಗ ಸ್ವಿಚ್ ಸರ್ಕ್ಯೂಟಿಗೂ ಹೌದು-ಇಲ್ಲ ಅನ್ನೋ ಬೂಲಿಯನ್ ಲಾಜಿಕ್ಕಿಗೂ ಗಂಟು ಹಾಕಿ ತೋರಿಸಿದ, ಅಲ್ಲಿಂದ ಲೆಕ್ಕ ಮಾಡೋ ಸರ್ಕ್ಯೂಟ್ ಕಟ್ಟೂದು ಒಂದು ಶಾಸ್ತ್ರ ಆತು.

ಹೆಕ್ಸ್‌ನ್ಯಾಗ ನಂಬರ್ ನಡುವ ಎ ಬಿ ಸಿ ಯಾಕ ಬರ್ತಾವ?

ಹದಿನಾರರ ಬೇಸ್ ಅಂದ್ರ 0 ದಿಂದ 15 ತನಕ ಒಂದೊಂದಕ್ಕೂ ಒಂದೊಂದ ಗುರ್ತು ಬೇಕು. ನಮ್ಮ ಹತ್ರ ಅಂಕಿ ಇರೋದು ಹತ್ತು. ಉಳಿದ 10, 11, 12, 13, 14, 15 ಕ್ಕ ಎ, ಬಿ, ಸಿ, ಡಿ, ಇ, ಎಫ್ ತಗೊಂಡಾರ, ಅಷ್ಟ.

## ಕನ್ವರ್ಷನ್ ಪ್ರಶ್ನೆಗಳು

ಎರಡರಿಂದ ಭಾಗಿಸ್ಕೋತ ಹೋಗೂದು ಬರ್ತೈತ್ರಿ, ಆದ್ರ ಶೇಷಾನ ಕೆಳಗಿಂದ ಮ್ಯಾಲೆ ಯಾಕ ಬರೀಬೇಕು?

ಇದನ್ನ ಕೇಳಿದವ್ರ ಮ್ಯಾಲೆ ನನಗ ಭಾಳ ಪ್ರೀತಿ, ಯಾಕಂದ್ರ ಬಾಣದ ಗುರ್ತು ಹಾಕಿ ಕೆಳಗಿಂದ ಮ್ಯಾಲೆ ಅಂತ ಹೇಳಿ ಮುಂದ ಹೋಗಿಬಿಡ್ತಾರ, ಕಾರಣ ಯಾರೂ ಹೇಳೂದಿಲ್ಲ, ಹುಡುಗ ಪರೀಕ್ಷೆದಾಗ ಮ್ಯಾಲಿಂದ ಕೆಳಗ ಬರ್ದು ಮಾರ್ಕ್ಸ್ ಕಳ್ಕೋತಾನ.

45 ತಗೋರಿ. ಎರಡರಿಂದ ಭಾಗಿಸಿದ್ರ 22, ಶೇಷ 1. ಈ 1 ಏನು? 45ರಾಗ ಜೋಡಿ ಕಟ್ಟಿದ ಮ್ಯಾಲೆ ಒಂಟಿಯಾಗಿ ಉಳಿದದ್ದು, ಅಂದ್ರ ಬಿಡಿ ಸ್ಥಾನದ ಅಂಕಿ, ಬಲಗಡೆ ಕಡೀದು. ಈಗ ಕೈಯಾಗ ಇರೋದು 22 ಜೋಡಿ. ಅವನ್ನ ಮತ್ತ ಎರಡೆರಡು ಸೇರಿಸಿದ್ರ 11, ಶೇಷ 0, ಇದು ಎರಡರ ಸ್ಥಾನ. 11ನ್ನ ಭಾಗಿಸಿದ್ರ 5, ಶೇಷ 1, ನಾಕರ ಸ್ಥಾನ. 5 ಭಾಗಿಸಿದ್ರ 2, ಶೇಷ 1, ಎಂಟರ ಸ್ಥಾನ. 2 ಭಾಗಿಸಿದ್ರ 1, ಶೇಷ 0. 1 ಭಾಗಿಸಿದ್ರ 0, ಶೇಷ 1, ಇದು 32ರ ಸ್ಥಾನ. ಮೊದಲು ಸಿಕ್ಕಿದ್ದು ಎಲ್ಲಾಕಿಂತ ಸಣ್ಣ ಸ್ಥಾನ, ಕಡೀಗೆ ಸಿಕ್ಕಿದ್ದು ಎಲ್ಲಾಕಿಂತ ದೊಡ್ಡದು. ನಾವು ದೊಡ್ಡ ಸ್ಥಾನ ಎಡಕ್ಕ ಬರೀತೀವಿ, ಅದಕ್ಕ ಕೆಳಗಿಂದ ಮ್ಯಾಲೆ: 101101. ಕೂಡಿಸಿ ನೋಡ್ರಿ, 32 + 8 + 4 + 1 = 45.

ಬಾಯಿಲೆಕ್ಕ ಮಾಡೋರಿಗೆ ಇನ್ನೊಂದು ದಾರಿ ಐತಿ. 45ರಾಗ ಹಿಡಿಯೋ ದೊಡ್ಡ ಎರಡರ ಘಾತ 32, ಕಳೆದ್ರ 13. ಅದ್ರಾಗ 8, ಉಳಿದದ್ದು 5, ಅದ್ರಾಗ 4, ಉಳಿದದ್ದು 1. ಬಂದ ಜಾಗಕ್ಕ 1, ಬರದ ಜಾಗಕ್ಕ 0. ಸಣ್ಣ ನಂಬರಿಗೆ ಇದ ಲಗೂ ಆಗ್ತೈತಿ, ದೊಡ್ಡದಕ್ಕ ಭಾಗಾಕಾರನ ಛಲೋ.

ಬೈನರಿಯಿಂದ ಡೆಸಿಮಲ್ ಮಾಡುವಾಗ ಘಾತ ಬರ್ಕೋತ ಕುಂತ್ರ ಟೈಮ್ ಸಾಲೂದಿಲ್ರಿ, ಬ್ಯಾರೆ ದಾರಿ ಐತೇನು?

ಐತಿ. ಎಡಗಡೆಯಿಂದ ಶುರು ಮಾಡ್ರಿ, ಕೈಯಾಗಿದ್ದದ್ದನ್ನ ದುಪ್ಪಟ್ಟು ಮಾಡಿ ಮುಂದಿನ ಅಂಕಿ ಕೂಡಿಸ್ರಿ. 101101ಕ್ಕ: 1. ದುಪ್ಪಟ್ಟು 2, ಕೂಡಿಸು 0, 2. ದುಪ್ಪಟ್ಟು 4, ಕೂಡಿಸು 1, 5. ಆಮ್ಯಾಲೆ 11, ಆಮ್ಯಾಲೆ 22, ಆಮ್ಯಾಲೆ 45. ಮ್ಯಾಲಿನ ಭಾಗಾಕಾರದಾಗ ಬಂದ ನಂಬರಗಳ ಇಲ್ಲಿ ಉಲ್ಟಾ ಬಂದಾವ ನೋಡ್ರಿ, ಒಂದರ ಹೆಜ್ಜಿ ಮ್ಯಾಲೆ ಇನ್ನೊಂದು ವಾಪಸ್ ನಡ್ಯಾಕತ್ತೈತಿ. ಬ್ಯಾರೆ ಬೇಸಿಗೂ ಇದ ನಡೀತೈತಿ, ದುಪ್ಪಟ್ಟಿನ ಬದಲಿ 8 ಇಲ್ಲಾ 16ರಿಂದ ಗುಣಿಸ್ಬೇಕು.

ಹೆಕ್ಸ್ ಮಾಡುವಾಗ ಶೇಷ 14 ಬಂತು, 14 ಅಂತನ ಬರ್ದೆ, ತಪ್ಪು ಹಾಕಿದ್ರು. ಯಾಕ?

ಒಂದು ಜಾಗಕ್ಕ ಒಂದ ಗುರ್ತು ಇರ್ಬೇಕು, 14 ಬರೆದ್ರ ಎರಡು ಜಾಗ ಹಿಡೀತು, ಓದೋರು ಅದನ್ನ 1 ಮತ್ತ 4 ಅಂತ ಓದ್ತಾರ. ನಮ್ಮ ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, 2023ರಾಗ ಉದ್ಘಾಟನೆ ಆತು, ಜಗತ್ತಿನ್ಯಾಗ ಎಲ್ಲಾಕಿಂತ ಉದ್ದ ಅಂತ ಗಿನ್ನೆಸ್ ದಾಖಲೆ ಐತಿ. ಆ 1507ನ್ನ ಹೆಕ್ಸ್ ಮಾಡೋಣ. 16ರಿಂದ ಭಾಗಿಸಿದ್ರ 94, ಶೇಷ 3. 94ನ್ನ ಭಾಗಿಸಿದ್ರ 5, ಶೇಷ 14, ಇದು ಇ. 5ನ್ನ ಭಾಗಿಸಿದ್ರ 0, ಶೇಷ 5. ಉತ್ತರ 5ಇ3. ತಾಳೆ ನೋಡ್ರಿ: 5 × 256 = 1280, 14 × 16 = 224, ಮ್ಯಾಲೆ 3, ಒಟ್ಟು 1507. 14ನ್ನ ಹಂಗ ಬಿಟ್ಟಿದ್ರ 5143 ಆಗ್ತಿತ್ತು, ಹೆಕ್ಸ್‌ನ್ಯಾಗ ಅದು ಇಪ್ಪತ್ತು ಸಾವಿರ ದಾಟ್ತೈತಿ.

ಆಕ್ಟಲ್‌ನಿಂದ ಹೆಕ್ಸ್‌ಗೆ ಹೋಗಾಕ ಡೆಸಿಮಲ್ ಮಾಡ್ಲೇಬೇಕೇನ್ರಿ?

ಬ್ಯಾಡ. ನಡುವ ಬೈನರಿ ಇಟ್ಕೋರಿ. 8 ಅಂದ್ರ ಎರಡರ ಮೂರನೇ ಘಾತ, 16 ಅಂದ್ರ ನಾಕನೇ ಘಾತ, ಹಿಂಗಾಗಿ ಆಕ್ಟಲಿನ ಒಂದು ಅಂಕಿ ಅಂದ್ರ ಸರಿಯಾಗಿ ಮೂರು ಬಿಟ್ (ಬಿಟ್ ಅಂದ್ರ ಬೈನರಿಯ ಒಂದು ಅಂಕಿ), ಹೆಕ್ಸಿನ ಒಂದು ಅಂಕಿ ಅಂದ್ರ ಸರಿಯಾಗಿ ನಾಕು ಬಿಟ್. ಅದ 1507 ಆಕ್ಟಲ್‌ನ್ಯಾಗ 2743. ಒಂದೊಂದು ಅಂಕಿ ಬಿಡಿಸ್ರಿ: 010 111 100 011. ಈಗ ಬಲಗಡೆಯಿಂದ ನಾಕು ನಾಕು ಮಾಡ್ರಿ: 0101 1110 0011. ಓದ್ರಿ: 5, ಇ, 3.

ಬಲಗಡೆಯಿಂದನ ಗುಂಪು ಮಾಡ್ಬೇಕು, ಯಾಕಂದ್ರ ಬಿಡಿ ಸ್ಥಾನ ಅಲ್ಲಿ ಐತಿ, ಎಡಕ್ಕ ಕಡಿಮಿ ಬಿದ್ರ ಸೊನ್ನೆ ಹಚ್ಚಿದ್ರ ಬೆಲೆ ಬದಲಾಗೂದಿಲ್ಲ. ಪಾಯಿಂಟ್ ಇದ್ರ ಪಾಯಿಂಟಿನಿಂದ ಎರಡೂ ಕಡೆ ಹೊಂಡ್ರಿ, ಬಲಕ್ಕ ಕಡಿಮಿ ಬಿದ್ರ ಬಲಕ್ಕ ಸೊನ್ನೆ. ಡೆಸಿಮಲ್‌ಗೆ ಮಾತ್ರ ಈ ಗುಂಪಿನ ಆಟ ನಡೆಯೂದಿಲ್ಲ, 10 ಅನ್ನೋದು ಎರಡರ ಯಾವ ಘಾತನೂ ಆಗೂದಿಲ್ಲ. ಪೂರ್ತಿ ನಂಬರ್ ಹಿಡ್ದು ಭಾಗಿಸಾಕ ಬೇಕು. ಒಂದೊಂದು ಡೆಸಿಮಲ್ ಅಂಕಿನ ನಾಕು ಬಿಟ್‌ನ್ಯಾಗ ಬಿಡಿಬಿಡಿ ಬರದ್ರ ಅದು ಬಿಸಿಡಿ ಅನ್ನೋ ಕೋಡ್, ಅದು ಬೈನರಿ ನಂಬರ್ ಅಂತ ತಿಳ್ಕೋಬ್ಯಾಡ್ರಿ.

ಪಾಯಿಂಟ್ ಆದ ಮ್ಯಾಲಿಂದಕ್ಕ ಭಾಗಿಸ್ಬೇಕೋ ಗುಣಿಸ್ಬೇಕೋ? ಪ್ರತಿ ಸಲ ಗೊಂದಲ

ಗುಣಿಸ್ಬೇಕು. ಪಾಯಿಂಟಿನ ಬಲಕ್ಕ ಜಾಗದ ಬೆಲೆ ಅರ್ಧ, ಕಾಲು, ಅರ್ಧಪಾವು ಹಿಂಗ ಇಳೀತೈತಿ. 0.625 ತಗೋರಿ. ಎರಡರಿಂದ ಗುಣಿಸಿದ್ರ 1.25, ಪಾಯಿಂಟ್ ದಾಟಿ 1 ಬಂತು, ಅಂದ್ರ ಅದ್ರಾಗ ಅರ್ಧ ಇತ್ತು. ಉಳಿದ 0.25 ಗುಣಿಸಿದ್ರ 0.5, ಬಂದದ್ದು 0. ಮತ್ತ ಗುಣಿಸಿದ್ರ 1.0, ಬಂದದ್ದು 1, ಉಳಿದದ್ದು ಏನೂ ಇಲ್ಲ. ಉತ್ತರ 0.101. ಇಲ್ಲಿ ಮೊದಲು ಸಿಕ್ಕಿದ್ದು ದೊಡ್ಡ ಜಾಗ, ಹಂಗಾಗಿ ಮ್ಯಾಲಿಂದ ಕೆಳಗ ಬರೀಬೇಕು.

ಕ್ಯಾಲ್ಕುಲೇಟರ್‌ನ್ಯಾಗ, ಎಕ್ಸೆಲ್‌ನ್ಯಾಗ ಮಾಡಬಹುದೇನು?

ತಾಳೆ ನೋಡಾಕ ಜರೂರ ಮಾಡ್ರಿ. ಕ್ಯಾಸಿಯೊ 991 ಸಾಲಿನ ಕ್ಯಾಲ್ಕುಲೇಟರ್‌ನ್ಯಾಗ ಬೇಸ್-ಎನ್ ಮೋಡ್ ಐತಿ, ಆದ್ರ ಆ ಮೋಡಿನ್ಯಾಗ ಪಾಯಿಂಟಿನ ನಂಬರ್ ತಗೊಳ್ಳೂದಿಲ್ಲ. ವಿಂಡೋಸ್ ಕ್ಯಾಲ್ಕುಲೇಟರ್‌ನ್ಯಾಗ ಪ್ರೋಗ್ರಾಮರ್ ಮೋಡ್ ಹಾಕಿದ್ರ ನಾಕೂ ಬೇಸ್ ಒಮ್ಮೆಲೆ ತೋರಿಸ್ತೈತಿ. ಎಕ್ಸೆಲ್‌ನ್ಯಾಗ ಡೆಸಿಮಲ್ಲಿನಿಂದ ಬೈನರಿ ಮಾಡೋ ಹಳೇ ಫಂಕ್ಷನ್ 511ಕ್ಕ ನಿಂತುಬಿಡ್ತೈತಿ, 512 ಕೊಟ್ರ ಎರರ್. ಅದರ ಬದಲಿ ಬೇಸ್ ಅನ್ನೋ ಫಂಕ್ಷನ್ ಹಾಕ್ರಿ. ಪೈಥಾನ್‌ನ್ಯಾಗ ಇಂಟ್ ಫಂಕ್ಷನ್ನಿಗೆ ನಂಬರನ್ನ ಟೆಕ್ಸ್ಟ್ ಆಗಿ ಕೊಟ್ಟು ಬೇಸ್ ಹೇಳಿದ್ರ 2 ರಿಂದ 36ರ ತನಕ ಯಾವ ಬೇಸ್ ಆದ್ರೂ ಓದ್ತೈತಿ.

## ಪ್ರೋಗ್ರಾಮ್ ಬರಿಯೋರ ಪ್ರಶ್ನೆಗಳು

ನಮ್ಮ ಎಸ್‌ಟಿಡಿ ಕೋಡ್ 0836 ಅಂತ ಸಿ ಪ್ರೋಗ್ರಾಮಿನ್ಯಾಗ ಹಾಕಿದ್ರ ಎರರ್ ಬರ್ತೈತಿ, ಯಾಕ್ರಿ?

ಸಿ ಭಾಷೆದಾಗ ನಂಬರ್ ಮುಂದ ಸೊನ್ನೆ ಇದ್ರ ಕಂಪೈಲರ್ ಅದನ್ನ ಆಕ್ಟಲ್ ಅಂತ ತಿಳ್ಕೊಂತೈತಿ. ಆಕ್ಟಲ್‌ನ್ಯಾಗ ಅಂಕಿ 7ಕ್ಕ ಮುಗೀತು, 8 ಅಂತ ಒಂದಿಲ್ಲ, ಅದಕ್ಕ ಎರರ್. ಗದಗಿನ 08372, ಹಾವೇರಿಯ 08375 ಹಾಕಿದ್ರೂ ಇದ ಗತಿ. ಎರರ್ ಬಂದದ್ದು ಒಳ್ಳೇದ ಆತು ಅಂತೀನಿ, ಯಾಕಂದ್ರ 010 ಅಂತ ಹಾಕಿದ್ರ ಎರರ್ ಬರೂದಿಲ್ಲ, ಸುಮ್ನ 8 ಅಂತ ಪ್ರಿಂಟ್ ಆಗ್ತೈತಿ, ಆ ತಪ್ಪು ಹುಡುಕೂದ್ರಾಗ ಹೊತ್ತು ಮುಳುಗ್ತೈತಿ. ಪೈಥಾನ್ 3ರಾಗ ಹಿಂಗ ಮುಂದ ಸೊನ್ನೆ ಇಡಾಕ ಬಿಡೂದ ಇಲ್ಲ, ಆಕ್ಟಲ್ ಬೇಕಂದ್ರ ಸೊನ್ನೆ ಆದ ಮ್ಯಾಲೆ ಓ ಅಕ್ಷರ, ಹೆಕ್ಸ್‌ಗೆ ಎಕ್ಸ್, ಬೈನರಿಗೆ ಬಿ ಹಾಕ್ಬೇಕು. ಎಸ್‌ಟಿಡಿ ಕೋಡು, ಪಿನ್‌ಕೋಡು ಇವನ್ನ ಯಾರೂ ಕೂಡಿಸಿ ಕಳೆಯೂದಿಲ್ಲ, ಟೆಕ್ಸ್ಟ್ ಆಗಿ ಇಡ್ರಿ.

ಮೊಬೈಲ್ ನಂಬರ್ ಇಂಟ್‌ನ್ಯಾಗ ಇಟ್ರ ಏನೇನೋ ಬರ್ತೈತಿ

ಇಂಟ್ ಅಂದ್ರ ಪೂರ್ಣಾಂಕ ಇಡೋ ಟೈಪ್. 32 ಬಿಟ್ ಇಂಟ್‌ನ್ಯಾಗ ಹಿಡಿಯೋ ದೊಡ್ಡ ನಂಬರ್ 2147483647, ಮೈನಸ್ ಬ್ಯಾಡ ಅಂತ ಅನ್‌ಸೈನ್ಡ್ ಮಾಡಿದ್ರ 4294967295. ನಮ್ಮ ದೇಶದ ಮೊಬೈಲ್ ನಂಬರ್ 6, 7, 8, 9ರಿಂದ ಶುರು ಆಗ್ತಾವ, ಅಂದ್ರ ಎಲ್ಲಾಕಿಂತ ಸಣ್ಣದೂ ಆರು ನೂರು ಕೋಟಿ. ಹಿಡಿಯೂದಿಲ್ಲ, ಮ್ಯಾಲಿನ ಬಿಟ್ ಕತ್ತರಿಸಿ ಹೋಗಿ ಉಳಿದದ್ದು ಕಾಣ್ತೈತಿ. ಹತ್ತು ಅಂಕಿಯ ಎಲ್ಲಾ ನಂಬರಿಗೆ 34 ಬಿಟ್ ಬೇಕು. ಒಂದು ಡೆಸಿಮಲ್ ಅಂಕಿಗೆ ಸುಮಾರು 3.32 ಬಿಟ್ ಅಂತ ನೆನಪಿಟ್ರ ಈ ಲೆಕ್ಕ ಬಾಯಾಗ ಬರ್ತೈತಿ.

ಮೈನಸ್ 5ನ್ನ ಬೈನರಿ ಮಾಡ್ರಿ ಅಂದ್ರ 11111011 ಅಂತಾರ, ಇದು 251 ಅಲ್ಲೇನ್ರಿ?

ಎರಡೂ ಹೌದು, ಯಾವ ಕರಾರಿನ ಮ್ಯಾಲೆ ಓದ್ತೀರಿ ಅನ್ನೋದ್ರ ಮ್ಯಾಲೆ ಐತಿ. 8 ಬಿಟ್ ಅಷ್ಟ ಇದ್ದಾಗ 5ಕ್ಕ 251 ಕೂಡಿಸ್ರಿ, 256 ಆತು, ಬೈನರಿನ್ಯಾಗ 1 ಆದ ಮ್ಯಾಲೆ ಎಂಟು ಸೊನ್ನೆ. ಒಂಬತ್ತನೇ ಬಿಟ್ಟಿಗೆ ಜಾಗ ಇಲ್ಲ, ಅದು ಬಿದ್ದು ಹೋಗ್ತೈತಿ, ಉಳಿದದ್ದು ಸೊನ್ನೆ. 5ಕ್ಕ ಕೂಡಿಸಿದ್ರ ಸೊನ್ನೆ ಬರ್ತೈತಿ ಅಂದ್ಮ್ಯಾಲೆ ಅದು ಮೈನಸ್ 5ರ ಕೆಲಸನ ಮಾಡಾಕತ್ತೈತಿ. ಇದಕ್ಕ ಟೂಸ್ ಕಾಂಪ್ಲಿಮೆಂಟ್ ಅಂತಾರ, ಬಿಟ್ ಎಲ್ಲಾ ತಿರುವಿ 1 ಕೂಡಿಸೋ ಶಾರ್ಟ್‌ಕಟ್ ಇದರಿಂದನ ಹುಟ್ಟೈತಿ. ಕೂಡಿಸೋ ಸರ್ಕ್ಯೂಟ್ ಒಂದ ಇದ್ರ ಸಾಕು, ಕಳೆಯಾಕ ಬ್ಯಾರೆ ಸರ್ಕ್ಯೂಟ್ ಬೇಕಾಗೂದಿಲ್ಲ, ಅದಕ್ಕ ಎಲ್ಲಾ ಕಡೆ ಇದ ನಡೀತೈತಿ. ಓದೋ ಹೊತ್ತಿಗೆ ಎಡಗಡೆ ಬಿಟ್ಟಿಗೆ ಮೈನಸ್ 128 ಬೆಲೆ ಕೊಡ್ರಿ: −128 + 64 + 32 + 16 + 8 + 2 + 1 = −5. ಎಷ್ಟು ಬಿಟ್ ಅಂತ ಹೇಳದ ಮೈನಸ್ ನಂಬರ್ ಕೇಳಿದ್ರ ಆ ಪ್ರಶ್ನೆನ ಅರ್ಧ.

0.1ಕ್ಕ 0.2 ಕೂಡಿಸಿದ್ರ ಪೈಥಾನ್ 0.30000000000000004 ತೋರಿಸ್ತೈತಿ. ಕಂಪ್ಯೂಟರ್ ಹೆಂಗ ತಪ್ಪತೈತಿ?

ಕೂಡಿಸೂದ್ರಾಗ ತಪ್ಪಿಲ್ಲ, 0.1 ಒಳಗ ಹೋಗುವಾಗನ ಸರಿಯಾಗಿ ಹೋಗಿಲ್ಲ. ಮ್ಯಾಲೆ ಹೇಳಿದಂಗ ಗುಣಿಸಿ ನೋಡ್ರಿ: 0.2, 0.4, 0.8, 1.6, 1.2, 0.4, 0.8, 1.6, ಮತ್ತ ಅದ, ಮತ್ತ ಅದ. 0.000110011001100 ಹಿಂಗ ಮುಗಿಯೂದ ಇಲ್ಲ. ಪಾಯಿಂಟಿನ ನಂಬರ್ ಇಡೋ ಡಬಲ್ ಅನ್ನೋ ಟೈಪಿನ್ಯಾಗ 53 ಬಿಟ್‌ಗೆ ರೌಂಡ್ ಮಾಡಿ ಇಡ್ಬೇಕು, ಆ ರೌಂಡ್ ಮಾಡಿದ್ದರ ಚೂರ ಕಡೀಗೆ 4 ಆಗಿ ಕಂಡದ್ದು.

ಹಳೇ ಆಣೆ ಲೆಕ್ಕ ಗೊತ್ತಿದ್ದ ಹಿರ್ಯಾರು ಮನ್ಯಾಗ ಇದ್ರ ಕೇಳ್ರಿ. ರೂಪಾಯಿಗೆ 16 ಆಣೆ: ಅರ್ಧಕ್ಕ ಎಂಟಾಣೆ, ಕಾಲಿಗೆ ನಾಲ್ಕಾಣೆ, ಅದರ ಅರ್ಧ ಎರಡಾಣೆ, ಮತ್ತ ಅರ್ಧ ಒಂದಾಣೆ, ಎಲ್ಲಾ ಅರ್ಧ ಅರ್ಧ ಮಾಡಿದ ಲೆಕ್ಕ. 1957ರ ಏಪ್ರಿಲ್ 1ಕ್ಕ ರೂಪಾಯಿಗೆ ನೂರು ನಯಾ ಪೈಸೆ ಬಂತು, ಒಂದಾಣೆಗೆ ಆರೂಕಾಲು ಪೈಸೆ. ಈಗ ಹತ್ತು ಪೈಸೆನ ಆಣೆನ್ಯಾಗ ಕೊಡು ಅಂದ್ರ? 1.6 ಆಣೆ. ಆಣೆನ ಅರ್ಧ ಮಾಡ್ರಿ, ಮತ್ತ ಅರ್ಧ ಮಾಡ್ರಿ, ಎಷ್ಟು ಸಲ ಮಾಡಿದ್ರೂ ಸರಿಯಾಗಿ ಹತ್ತು ಪೈಸೆ ಕೂಡೂದಿಲ್ಲ, ಯಾಕಂದ್ರ ಹತ್ತರಾಗ 5 ಕುಂತೈತಿ, ಅರ್ಧ ಮಾಡ್ಕೋತ ಹೋದ್ರ 5 ಯಾವತ್ತೂ ಸಿಗೂದಿಲ್ಲ. ನಿಯಮ ಇಷ್ಟ: ಭಿನ್ನರಾಶಿನ ಸಂಕ್ಷೇಪ ಮಾಡಿದ ಮ್ಯಾಲೆ ಛೇದ ಎರಡರ ಘಾತ ಆಗಿದ್ರ ಮಾತ್ರ ಬೈನರಿನ್ಯಾಗ ಮುಗೀತೈತಿ.

ಇದು ಪರೀಕ್ಷೆಯ ಎರಡು ಮಾರ್ಕ್ಸಿನ ಮಾತಷ್ಟ ಅಂತ ಬಿಡಬ್ಯಾಡ್ರಿ. 1991ರ ಫೆಬ್ರವರಿ 25ಕ್ಕ ಸೌದಿ ಅರೇಬಿಯಾದ ಧಹ್ರಾನ್‌ದಾಗ ಅಮೆರಿಕದ ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆ ಎದುರಿಗೆ ಬಂದ ಸ್ಕಡ್ ಕ್ಷಿಪಣಿನ ಹಿಡೀಲಿಲ್ಲ, 28 ಸೈನಿಕರು ಸತ್ರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದರ ಲೆಕ್ಕದಾಗ ಎಣಿಸ್ತಿತ್ತು, ಆ ಹತ್ತನೇ ಒಂದನ್ನ 24 ಬಿಟ್‌ಗೆ ಕತ್ತರಿಸಿ ಇಟ್ಟಿದ್ರು. ಸುಮಾರು 100 ತಾಸು ಬಂದ್ ಮಾಡದ ನಡೆದಿದ್ದಕ್ಕ ಆ ಚೂರು ಕೂಡಿ ಕೂಡಿ 0.34 ಸೆಕೆಂಡ್ ಆತು, ಅಷ್ಟ್ರಾಗ ಸ್ಕಡ್ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ದೂರ ಹೋಗಿರ್ತೈತಿ. ಅದಕ್ಕ ರೊಕ್ಕದ ಪ್ರೋಗ್ರಾಮ್ ಬರಿಯೋರು ರೂಪಾಯಿನ ಪಾಯಿಂಟ್ ಹಾಕಿ ಇಡಬ್ಯಾಡ್ರಿ, ಪೈಸೆ ಮಾಡಿ ಪೂರ್ಣಾಂಕದಾಗ ಇಡ್ರಿ.

ಇದನ್ನೆಲ್ಲಾ ಕಲ್ತು ಮುಂದ ಎಲ್ಲಿ ಉಪಯೋಗ?

ವೆಬ್‌ಸೈಟಿನ್ಯಾಗ ಬಣ್ಣ ಕೊಡೂದು ಹೆಕ್ಸ್‌ನ್ಯಾಗ: ನಮ್ಮ ಕನ್ನಡ ಬಾವುಟದಂಥ ಹಳದಿ ಬೇಕಂದ್ರ ಎಫ್‌ಎಫ್ ಎಫ್‌ಎಫ್ 00, ಕೆಂಪಿಗೆ ಎಫ್‌ಎಫ್ 00 00, ಎರಡೆರಡು ಅಂಕಿ ಕೆಂಪು, ಹಸಿರು, ನೀಲಿಗೆ, ಎಫ್‌ಎಫ್ ಅಂದ್ರ 255. ಲಿನಕ್ಸ್‌ನ್ಯಾಗ ಫೈಲಿಗೆ ಪರ್ಮಿಷನ್ 755 ಅಂತ ಕೊಡ್ತಾರಲ್ಲ, ಅದು ಆಕ್ಟಲ್: 111 101 101, ಮಾಲಕಗ ಓದು, ಬರಿ, ನಡೆಸು ಮೂರೂ, ಉಳಿದವ್ರಿಗೆ ಬರಿಯೂದು ಬಿಟ್ಟು. ನೆಟ್‌ವರ್ಕಿಂಗ್ ಕಲಿಯೋರಿಗಂತೂ ಸಬ್‌ನೆಟ್, ಅಂದ್ರ ನೆಟ್‌ವರ್ಕನ್ನ ಸಣ್ಣ ಸಣ್ಣ ಭಾಗ ಮಾಡೂದು, ಪೂರ್ತಿ ಬೈನರಿನ.

ಕನ್ನಡ ಅಕ್ಷರ ಒಳಗ ಯಾವ ನಂಬರ್ ಆಗಿರ್ತಾವ?

ಎಲ್ಲಾ ಭಾಷೆಯ ಅಕ್ಷರಕ್ಕೂ ನಂಬರ್ ಕೊಡೋ ಯೂನಿಕೋಡ್ ಪಟ್ಟಿನ್ಯಾಗ ಕನ್ನಡಕ್ಕ ಹೆಕ್ಸ್ 0ಸಿ80 ರಿಂದ 0ಸಿಎಫ್‌ಎಫ್ ತನಕ 128 ಜಾಗ ಕೊಟ್ಟಾರ. ಗ ಅಕ್ಷರ 0ಸಿ97, ಡೆಸಿಮಲ್‌ನ್ಯಾಗ 12 × 256 + 9 × 16 + 7 = 3223. ಫೈಲಿನ್ಯಾಗ ಇಡುವಾಗ ಯುಟಿಎಫ್-8 ಅನ್ನೋ ಪದ್ಧತಿ ಇದನ್ನ ಮೂರು ಬೈಟ್ (ಒಂದು ಬೈಟ್ ಅಂದ್ರ 8 ಬಿಟ್) ಮಾಡ್ತೈತಿ. ಬೈನರಿ 0000 1100 1001 0111, ಇದನ್ನ 4, 6, 6 ಬಿಟ್ ಆಗಿ ಒಡೀರಿ: 0000, 110010, 010111. ಮೊದಲನೇದರ ಮುಂದ 1110, ಉಳಿದ ಎರಡರ ಮುಂದ 10 ಹಚ್ಚಿದ್ರ ಇ0, ಬಿ2, 97 ಬರ್ತಾವ. ಹಂಗಾಗಿ ಗದಗ ಅಂತ ಬರದ್ರ 9 ಬೈಟ್. ಧಾರವಾಡ ಅಂದ್ರ 18, ಯಾಕಂದ್ರ ದೀರ್ಘದ ಗುರ್ತಿಗೂ ಬ್ಯಾರೆ ಕೋಡ್ ಐತಿ.

## ಇನ್ನೂ ಆಳಕ್ಕ ಹೋಗೋರಿಗೆ

ಬೈನರಿ ನಮ್ಮ ದೇಶದಾಗ ಮೊದಲ ಇತ್ತು ಅಂತಾರ, ಖರೇನ?

ಎಷ್ಟು ಖರೇ ಐತೋ ಅಷ್ಟ ಹೇಳ್ಬೇಕು. 0, 1 ಬಳಸಿ ಕೂಡಿಸೋ ಕಳೆಯೋ ಗಣಿತಾನ ಇವತ್ತಿನ ರೂಪದಾಗ 1703ರಾಗ ಪ್ರಕಟ ಮಾಡಿದಾಂವ ಜರ್ಮನಿಯ ಲೈಬ್ನಿಜ್. ಆದ್ರ ಅದಕ್ಕಿಂತ ಭಾಳ ಹಿಂದ ಪಿಂಗಳ ಛಂದಸ್ಸಿನ ಸೂತ್ರದಾಗ ಲಘು ಗುರುವಿನ ಪ್ರಸ್ತಾರ, ಅಂದ್ರ ಆಗೋ ಎಲ್ಲಾ ಜೋಡಣೆಗಳ ಪಟ್ಟಿ, ಹಾಕೂದು ಹೇಳ್ಯಾನ. ಮೂರು ಅಕ್ಷರಕ್ಕ ಎಂಟು ಗಣ, ಯಮಾತಾರಾಜಭಾನಸಲಗಂ ಅಂತ ಸಾಲ್ಯಾಗ ಕಲ್ತದ್ದು, ಎರಡರ ಮೂರನೇ ಘಾತ. ಅದ್ರಾಗ ನಷ್ಟ ಅಂತ ಒಂದು ವಿಧಾನ ಐತಿ: ಪ್ರಸ್ತಾರದ ಇಷ್ಟನೇ ಸಾಲು ಯಾವ್ದು ಅಂತ ಪೂರ್ತಿ ಪಟ್ಟಿ ಬರೀದ ಹೇಳೂದು. ಸಮ ಸಂಖ್ಯೆ ಇದ್ರ ಲಘು ಬರ್ದು ಅರ್ಧ ಮಾಡು, ಬೆಸ ಇದ್ರ ಗುರು ಬರ್ದು ಒಂದು ಕೂಡಿಸಿ ಅರ್ಧ ಮಾಡು. ಐದನೇ ಸಾಲು? 5 ಬೆಸ, ಗುರು. ಕೂಡಿಸಿ ಅರ್ಧ ಮಾಡಿದ್ರ 3, ಬೆಸ, ಗುರು. ಮತ್ತ 2, ಸಮ, ಲಘು. ಗುರು ಗುರು ಲಘು, ಅಂದ್ರ ತಗಣ. ಈಗ ಗುರುವಿಗೆ 0, ಲಘುವಿಗೆ 1 ಇಟ್ಟು ಬಲದಿಂದ ಓದ್ರಿ: 100, ಅಂದ್ರ 4, ಐದಕ್ಕಿಂತ ಒಂದು ಕಡಿಮಿ, ಯಾಕಂದ್ರ ನಾವು ಸೊನ್ನೆಯಿಂದ ಎಣಿಸ್ತೀವಿ, ಪ್ರಸ್ತಾರ ಒಂದರಿಂದ. ಅರ್ಧ ಮಾಡಿ ಶೇಷ ನೋಡೋ ನಮ್ಮ ಮೆಥಡ್ಡಿನ ಒಳಗಿನ ಬುದ್ಧಿ ಅದ.

ಬೇಸ್ 7 ರಿಂದ ಬೇಸ್ 5ಕ್ಕ ಡೆಸಿಮಲ್ ಮುಟ್ಟದ ಹೋಗಬಹುದೇನ್ರಿ?

ಹೋಗಬಹುದು, ಬೇಸ್ 7ರಾಗನ ಭಾಗಾಕಾರ ಮಾಡಾಕ ಬರ್ಬೇಕು ಅಷ್ಟ. ಬೇಸ್ 7ರ 245 ತಗೋರಿ, 5ರಿಂದ ಭಾಗಿಸ್ಬೇಕು. 2ರಾಗ 5 ಹೋಗೂದಿಲ್ಲ. 24 ಅಂದ್ರ ಬೇಸ್ 7ರಾಗ ಹದಿನೆಂಟು, 3 ಸಲ ಹೋತು, 3 ಉಳೀತು. ಮುಂದಿನ 5 ಇಳಿಸಿದ್ರ 35, ಅಂದ್ರ ಇಪ್ಪತ್ತಾರು, 5 ಸಲ ಹೋಗಿ 1 ಉಳೀತು. ಭಾಗಲಬ್ಧ 35, ಶೇಷ 1. ಆ 35ನ್ನ ಮತ್ತ ಭಾಗಿಸಿದ್ರ 5, ಶೇಷ 1. 5 ಭಾಗಿಸಿದ್ರ 1, ಶೇಷ 0. 1 ಭಾಗಿಸಿದ್ರ 0, ಶೇಷ 1. ಕೆಳಗಿಂದ ಓದಿದ್ರ 1011. ಡೆಸಿಮಲ್ ದಾರಿಯಿಂದ ತಾಳೆ ನೋಡ್ರಿ: 2 × 49 + 4 × 7 + 5 = 131, ಈ ಕಡೆ 125 + 5 + 1 = 131. ಪರೀಕ್ಷೆದಾಗ ಆದ್ರ ಡೆಸಿಮಲ್ ಮುಟ್ಟಿನ ಹೋಗ್ರಿ, ಬೇಸ್ 7ರ ಮಗ್ಗಿ ಕೈಗೆ ರೂಢಿ ಇಲ್ಲದವ್ರಿಗೆ ಅದ ಲಗೂ.